ಹುಡುಗಿಯರ ಅಂಕ, ಹುಡುಗರ ಸೀಟು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ಪತ್ರಿಕೆಗಳಲ್ಲಿ ‘ಬಾಲಕಿಯರದೇ ಮೇಲುಗೈ’ ಎಂಬ ತಲೆಬರಹ ತಪ್ಪುವುದು ಅಪರೂಪ. ಮಿಡ್ಲ್ ಸ್ಕೂಲಿನಲ್ಲಿ ಬಹುಕಾಲ ಪಾಠ ಹೇಳಿದ ನನಗೆ ಅದರಲ್ಲಿ ಅಚ್ಚರಿಯೇನೂ ಕಾಣುವುದಿಲ್ಲ. ಹತ್ತು ಹನ್ನೆರಡರ ವಯಸ್ಸಿನಲ್ಲಿ ಹುಡುಗಿಯರು ಪ್ರಶ್ನೆಯನ್ನು ಕೊನೆಯವರೆಗೂ ಓದಿ ಉತ್ತರ ಬರೆಯುವುದನ್ನು ಎಷ್ಟೋ ಸಲ ನೋಡಿದ್ದೇನೆ. ಆದರೆ ಹುಡುಗಿಯರು ಮುಂದಿದ್ದಾರೆಂದು ಅಳತೆಯನ್ನೇ ತಿದ್ದಿಕೊಂಡ ಒಂದು ದೇಶದ ಕಥೆ ಓದಿದಾಗ ಮಾತ್ರ ಪುಸ್ತಕ ಮಡಿಸಿಟ್ಟು ಸುಮ್ಮನೆ ಕುಳಿತುಬಿಟ್ಟೆ. ಅದು ಇಂಗ್ಲೆಂಡಿನ ಕಥೆ.

1944ರಲ್ಲಿ, ಮಹಾಯುದ್ಧ ಇನ್ನೂ ಮುಗಿಯದಿದ್ದಾಗಲೇ, ಬಟ್ಲರ್ ಎಂಬ ಮಂತ್ರಿಯ ಕಾಲದಲ್ಲಿ ಅಲ್ಲಿ ಹೊಸ ಶಿಕ್ಷಣ ಕಾಯಿದೆ ಬಂತು. ಎಲ್ಲ ಮಕ್ಕಳಿಗೂ ಪ್ರೌಢಶಿಕ್ಷಣ ಉಚಿತವಾಯಿತು. ಬಡವರ ಮನೆಗಳಿಗೆ ಅದೊಂದು ವರವೇ. ಆದರೆ ಮಕ್ಕಳು ಸೇರುವ ಶಾಲೆಗಳು ಒಂದೇ ಬಗೆಯವಾಗಿರಲಿಲ್ಲ. ಗ್ರಾಮರ್ ಶಾಲೆಗೆ ಹೋದರೆ ಮುಂದೆ ವಿಶ್ವವಿದ್ಯಾಲಯದ ದಾರಿ. ಸೆಕೆಂಡರಿ ಮಾಡರ್ನ್ ಶಾಲೆಗೆ ಹೋದ ಹೆಚ್ಚಿನ ಮಕ್ಕಳು ಹದಿನೈದಕ್ಕೆ ಓದು ಮುಗಿಸಿ ಕೆಲಸ ಹುಡುಕಬೇಕು. ಯಾರು ಎಲ್ಲಿಗೆ ಎಂಬುದನ್ನು ತೀರ್ಮಾನಿಸಲು ಹನ್ನೊಂದರ ಆಸುಪಾಸಿನ ಮಕ್ಕಳಿಗೆ ‘ಇಲೆವನ್ ಪ್ಲಸ್’ ಪರೀಕ್ಷೆ. ಗಣಿತ, ಇಂಗ್ಲಿಷ್, ಜೊತೆಗೆ ಬುದ್ಧಿಯನ್ನು ಅಳೆಯುವ ಪ್ರಶ್ನೆಗಳು. ಗ್ರಾಮರ್ ಶಾಲೆ ಸಿಗುತ್ತಿದ್ದುದು ಸುಮಾರು ಐವರಲ್ಲಿ ಒಬ್ಬರಿಗೆ.

ಇಂಥ ಪರೀಕ್ಷೆಗಳನ್ನು ಮೊದಲು ತಯಾರಿಸಿದವರೆಲ್ಲ ಕೆಟ್ಟವರೆಂದು ಹೇಳಲಾರೆ. 1921ರಲ್ಲಿ ಗಾಡ್‌ಫ್ರೇ ಥಾಮ್ಸನ್ ಎಂಬ ಪ್ರಾಧ್ಯಾಪಕರು ನಾರ್ಥಂಬರ್ಲೆಂಡ್ ಜಿಲ್ಲೆಗಾಗಿ ಬುದ್ಧಿಪರೀಕ್ಷೆ ರಚಿಸಿದ್ದು, ಒಳ್ಳೆಯ ಶಾಲೆಗೆ ಯಾರನ್ನೂ ಕಳಿಸದ ದೂರದ ಹಳ್ಳಿಗಳಲ್ಲಿರುವ ಜಾಣ ಮಕ್ಕಳನ್ನು ಗುರುತಿಸಲೆಂದು. ಆಮೇಲೆ ಅವರು ಎಡಿನ್‌ಬರೋದ ಮೋರೆ ಹೌಸ್‌ನಲ್ಲಿ ತಯಾರಿಸಿದ ಪರೀಕ್ಷೆಗಳು ದೇಶದ ಎಷ್ಟೋ ಕಡೆ ಬಳಕೆಗೆ ಬಂದವು. ಮಗುವಿನ ಅಪ್ಪ ಯಾರೆಂದು ಪ್ರಶ್ನೆಪತ್ರಿಕೆ ಕೇಳುವುದಿಲ್ಲವಲ್ಲ, ಅದೇ ಅದರ ಹೆಚ್ಚುಗಾರಿಕೆ.

ಆದರೆ ಮಗು ಗಂಡೋ ಹೆಣ್ಣೋ ಎಂಬುದನ್ನು ಅಂಕಪಟ್ಟಿ ಕೇಳಿತು! ಒಟ್ಟಾರೆ ನೋಡಿದರೆ ಹುಡುಗಿಯರೇ ಹೆಚ್ಚು ಅಂಕ ತೆಗೆಯುತ್ತಿದ್ದರು. ಅಂಕವನ್ನೇ ನಂಬಿ ಸೀಟು ಹಂಚಿದ್ದರೆ ಗ್ರಾಮರ್ ಶಾಲೆಗಳಲ್ಲಿ ಹುಡುಗಿಯರೇ ಹೆಚ್ಚಾಗಬೇಕಿತ್ತು. ಅನೇಕ ಕಡೆ ಹಾಗಾಗಲು ಬಿಡಲಿಲ್ಲ. ಹುಡುಗರದು ಬೇರೆ ಪಟ್ಟಿ, ಹುಡುಗಿಯರದು ಬೇರೆ ಪಟ್ಟಿ. ಒಬ್ಬ ಹುಡುಗನೂ ಒಬ್ಬಳು ಹುಡುಗಿಯೂ ಸಮಸಮ ಅಂಕ ತೆಗೆದರೂ ಅವನು ಒಳಗೆ, ಇವಳು ಹೊರಗೆ ಆಗಬಹುದಿತ್ತು. ಹುಡುಗಿಯರು ಬೇಗ ಬೆಳೆಯುತ್ತಾರೆ, ಹುಡುಗರು ಆಮೇಲೆ ಸರಿಗಟ್ಟುತ್ತಾರೆ ಎಂಬುದು ಕೊಟ್ಟ ಕಾರಣ. ಇನ್ನೊಂದು ಕಾರಣ ಎಷ್ಟೋ ಊರುಗಳಲ್ಲಿ ಕಣ್ಣಿಗೇ ಕಾಣುವಂತಿತ್ತು. ಅಲ್ಲಿ ಹುಡುಗರಿಗೆ ಸೀಟುಗಳೇ ಹೆಚ್ಚು. ಬರ್ಮಿಂಗ್‌ಹ್ಯಾಮಿನಲ್ಲಿ ಆರನೆಯ ಎಡ್ವರ್ಡ್ ದೊರೆಯ ಹೆಸರಿನ ಹುಡುಗರ ಶಾಲೆ ಆರಂಭವಾದದ್ದು 1552ರಲ್ಲಿ; ಅದೇ ದತ್ತಿಯ ಹುಡುಗಿಯರ ಪ್ರೌಢಶಾಲೆ 1883ರಲ್ಲಿ. ಮುನ್ನೂರು ವರ್ಷ ಗಂಡುಮಕ್ಕಳಿಗಾಗಿಯೇ ಶಾಲೆ ಕಟ್ಟಿದ ಮೇಲೆ ಬೆಂಚುಗಳ ಲೆಕ್ಕ ಹೇಗೆ ಸಮವಾದೀತು?

ನನ್ನನ್ನು ಕಾಡುವುದು ಆ ಮಕ್ಕಳ ವಿಚಾರ. ಮನೆಗೆ ಕಾಗದ ಬಂದಾಗ ಅದರಿಂದ ತಿಳಿಯುತ್ತಿದ್ದುದು ಯಾವ ಶಾಲೆ ಎಂಬುದು. ಅಂಕವನ್ನು ಹೇಗೆ ತೂಗಿದರು ಎಂಬುದಲ್ಲ. 1955ರಲ್ಲಿ ಹನ್ನೊಂದು ವರ್ಷದವಳಾಗಿದ್ದ ಹುಡುಗಿಗೆ ಈಗ ಎಂಬತ್ತು ದಾಟಿರುತ್ತದೆ. ಪಕ್ಕದ ಮನೆಯ ಹುಡುಗನಿಗಿಂತ ಚೆನ್ನಾಗಿ ಬರೆದಿದ್ದರೂ, ‘ನಾನು ದಡ್ಡಿ, ಹನ್ನೊಂದಕ್ಕೇ ಫೇಲಾದವಳು’ ಎಂದುಕೊಂಡೇ ಅಂಥವರಲ್ಲಿ ಎಷ್ಟು ಮಂದಿ ಬಾಳು ಸವೆಸಿದರೋ. ಅಂಗಡಿಯವನ ಪಾವಿನ ತಳ ಒಳಕ್ಕೆ ತಗ್ಗಿದ್ದರೆ ನಾವು ಜಗಳಕ್ಕೆ ನಿಲ್ಲುತ್ತೇವೆ. ಪಾವನ್ನೇ ತೋರಿಸದಿದ್ದರೆ ಯಾರೊಡನೆ ಜಗಳ?

ಜಗಳ ನ್ಯಾಯಾಲಯಕ್ಕೆ ಬರಲು ಬಹಳ ವರ್ಷ ಹಿಡಿಯಿತು. 1965ರ ಸರ್ಕಾರಿ ಸುತ್ತೋಲೆಯ ನಂತರ ಇಂಗ್ಲೆಂಡಿನ ಹೆಚ್ಚಿನ ಕಡೆ ಈ ಪರೀಕ್ಷೆ ಕ್ರಮೇಣ ನಿಂತುಹೋಯಿತು. ಕೆಲವು ಕಡೆ ಉಳಿಯಿತು. ಲಿಂಗಭೇದ ಮಾಡಬಾರದೆಂಬ ಕಾಯಿದೆ ಬಂದದ್ದು 1975ರಲ್ಲಿ. 1988ರಲ್ಲಿ ಉತ್ತರ ಐರ್ಲೆಂಡಿನ ನ್ಯಾಯಾಲಯ, ಹುಡುಗ ಹುಡುಗಿಯರಿಗೆ ಪ್ರತ್ಯೇಕ ಪಟ್ಟಿ ಮಾಡುವುದು ಕಾನೂನಿಗೆ ವಿರುದ್ಧ ಎಂದಿತು. ಮರುವರ್ಷ ಬರ್ಮಿಂಗ್‌ಹ್ಯಾಮಿನ ಮೊಕದ್ದಮೆ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಯಿತು. ಅಲ್ಲಿ ವರ್ಷಕ್ಕೆ ಹುಡುಗರಿಗೆ 540 ಗ್ರಾಮರ್ ಸೀಟುಗಳಿದ್ದರೆ ಹುಡುಗಿಯರಿಗೆ 360. ಭೇದ ಮಾಡುವ ಉದ್ದೇಶ ತಮಗಿರಲಿಲ್ಲ ಎಂದು ನಗರಸಭೆ ವಾದಿಸಿತು. ಉದ್ದೇಶ ಏನೇ ಇರಲಿ, ಹುಡುಗಿಯರಿಗೆ ಅವಕಾಶ ಕಡಿಮೆಯಾದದ್ದು ನಿಜ ತಾನೆ ಎಂಬುದು ನ್ಯಾಯಮೂರ್ತಿಗಳ ತೀರ್ಪಿನ ಸಾರ. ನಗರಸಭೆ ಸೋತಿತು.

ಇಷ್ಟು ಓದಿದ ಮೇಲೆ, ನಮ್ಮಲ್ಲಿ ಅದೇ ವಯಸ್ಸಿನ ಮಕ್ಕಳು ಬರೆಯುವ ನವೋದಯ ಪರೀಕ್ಷೆ ನೆನಪಾಯಿತು. ಆರನೆಯ ತರಗತಿಗೆ ಸೇರಲು ಐದನೆಯ ತರಗತಿಯ ಮಕ್ಕಳು ಅದನ್ನು ಬರೆಯುತ್ತಾರೆ. ಮೂರನೇ ಒಂದು ಭಾಗ ಸೀಟು ಹೆಣ್ಣುಮಕ್ಕಳಿಗೆ ಎಂದು ಅದರ ನಿಯಮದಲ್ಲೇ ಅಚ್ಚಾಗಿದೆ. ಇಲ್ಲಿ ಅಳತೆ ಮುಚ್ಚಿಟ್ಟಿಲ್ಲ, ಅಷ್ಟರಮಟ್ಟಿಗೆ ಸಮಾಧಾನ. ಆದರೆ ಆ ಸಾಲಿನಲ್ಲಿ ‘ಕನಿಷ್ಠ’ ಎಂಬ ಮಾತೂ ಇದೆ. ‘ಹುಡುಗಿಯರಿಗೆ ಇರುವುದೇ ಅಷ್ಟು ಸೀಟು’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಷ್ಟಕ್ಕಿಂತ ಕಡಿಮೆಯಾಗಬಾರದು ಎಂಬುದಷ್ಟೇ ಅದರ ಅರ್ಥ. ಮಗಳ ಕೈಯಲ್ಲಿ ಅರ್ಜಿ ತುಂಬಿಸುವ ತಾಯಂದಿರು ಆ ಒಂದು ಮಾತನ್ನು ಅವಳಿಗೆ ಓದಿ ಹೇಳಿ.