ಸಿನಿಮಾದ ಪಾಠಾಂತರಗಳು: ಲೇಸರ್ ಡಿಸ್ಕಿನಿಂದ 4ಕೆವರೆಗೆ

ಒಂದು ಸಿನಿಮಾವನ್ನು ಎರಡನೇ ಸಲ ನೋಡಬೇಕೆಂದರೆ ಅದು ಮತ್ತೆ ಊರಿಗೆ ಬರುವ ತನಕ ಕಾಯಬೇಕಿದ್ದ ಕಾಲ ತೀರಾ ಹಳೆಯದೇನಲ್ಲ. ಐವತ್ತು ವರ್ಷಗಳ ಹಿಂದೆ ಬರ್ಗ್‌ಮನ್, ಕುರೊಸಾವಾ, ರೇ ಅವರ ಬಗ್ಗೆ ಬರೆದ ವಿಮರ್ಶಕರು ಬಹುಮಟ್ಟಿಗೆ ನೆನಪನ್ನೇ ನೆಚ್ಚಿಕೊಂಡು ಬರೆದರು. ಫಿಲ್ಮ್ ಸೊಸೈಟಿಯವರು ತರಿಸಿದ ರೀಲುಗಳು ಒಂದು ಸಂಜೆ ಓಡಿ, ಮಾರನೆಯ ದಿನ ಡಬ್ಬ ಸೇರಿ ಬೇರೆ ಊರಿಗೆ ಹೊರಡುತ್ತಿದ್ದವು. ಕನ್ನಡದ ಗಂಭೀರ ಸಿನಿಮಾ ಚರ್ಚೆಯೂ ಬೆಳೆದದ್ದು ಹೀಗೆಯೇ. 1971ರಲ್ಲಿ ಹುಟ್ಟಿದ ಬೆಂಗಳೂರಿನ ಸುಚಿತ್ರಾ ಫಿಲ್ಮ್ ಸೊಸೈಟಿ, ಕೆ.ವಿ. ಸುಬ್ಬಣ್ಣನವರ ಹೆಗ್ಗೋಡು, ಅಲ್ಲಿನ ರಸಗ್ರಹಣ ಶಿಬಿರಗಳಿಗೆ ಪುಣೆಯಿಂದ ಬಂದ ಸತೀಶ್ ಬಹಾದೂರ್ ಮತ್ತು ಪಿ.ಕೆ. ನಾಯರ್ ಇವರೆಲ್ಲರ ದುಡಿಮೆಯ ಹಿಂದೆ ಆ ಡಬ್ಬಗಳ ಓಡಾಟವಿತ್ತು.

ಹೋಮ್ ವಿಡಿಯೊ ಬಂದು ಈ ಕಾಯುವಿಕೆಯನ್ನು ತಪ್ಪಿಸಿತು ಎನ್ನುವುದು ಎಲ್ಲರಿಗೂ ಗೊತ್ತಿರುವ ಮಾತು. ನನ್ನ ಮಟ್ಟಿಗೆ ಅದರ ದೊಡ್ಡ ಕೊಡುಗೆ ಇನ್ನೊಂದಿದೆ: ಸಿನಿಮಾಕ್ಕೂ ಶುದ್ಧಪಾಠದ ಆವೃತ್ತಿ ಬೇಕು ಎಂಬ ತಿಳಿವಳಿಕೆಯನ್ನು ಅದು ತಂದುಕೊಟ್ಟಿತು. ಹಳಗನ್ನಡ ಕಾವ್ಯವನ್ನು ಅಚ್ಚಿಗೆ ಕೊಡುವ ಮುನ್ನ ಓಲೆಗರಿ ಪ್ರತಿಗಳನ್ನು ಅಕ್ಕಪಕ್ಕ ಇಟ್ಟು, ಪಾಠಾಂತರ ಗುರುತಿಸಿ, ಟಿಪ್ಪಣಿ ಬರೆಯುವ ಶಿಸ್ತು ನಮ್ಮ ವಿದ್ವಾಂಸರಿಗೆ ಹೊಸದಲ್ಲ; ಡಿ.ಎಲ್. ನರಸಿಂಹಾಚಾರ್ ಅದರ ಮೇಲೆ ಒಂದು ಗ್ರಂಥವನ್ನೇ ಬರೆದರು. ಸಿನಿಮಾದಲ್ಲಿ ಆ ಶಿಸ್ತು ಆರ್ಕೈವ್‌ಗಳ ಗೋಡೆ ದಾಟಿ ಸಾಮಾನ್ಯ ಪ್ರೇಕ್ಷಕನ ಕೈಗೆ ಬಂದದ್ದು ಡಿಸ್ಕ್‌ಗಳ ಮೂಲಕ.

ಶುರುವಿನಲ್ಲಿ ಇದರ ಸುಳಿವೇ ಇರಲಿಲ್ಲ. 1975ರಲ್ಲಿ ಸೋನಿಯ ಬೀಟಾಮ್ಯಾಕ್ಸ್, ಮರುವರ್ಷ ಜೆವಿಸಿಯ ವಿಎಚ್‌ಎಸ್ ಮಾರುಕಟ್ಟೆಗೆ ಬಂದವು. 1977ರಲ್ಲಿ ಅಮೆರಿಕದ ಆಂಡ್ರೆ ಬ್ಲೇ ಎಂಬವರು ಟ್ವೆಂಟಿಯೆತ್ ಸೆಂಚುರಿ ಫಾಕ್ಸ್‌ನಿಂದ ಐವತ್ತು ಚಿತ್ರಗಳ ಹಕ್ಕು ಪಡೆದು ಕ್ಯಾಸೆಟ್ ಮಾರಿದರು. ಕ್ಯಾಸೆಟ್ಟಿನ ಬಿಂಬ ಮಸುಕು. ಅದಕ್ಕಿಂತ ದೊಡ್ಡ ಹಾನಿ ಚೌಕಟ್ಟಿಗೆ ಆಯಿತು. ಸಿನಿಮಾಸ್ಕೋಪಿನ ಅಗಲ ಚಿತ್ರವನ್ನು ಆಗಿನ ಟಿ.ವಿ.ಯ ಚೌಕಕ್ಕೆ ತುಂಬಿಸಲು ಎರಡೂ ಬದಿ ಕತ್ತರಿಸುತ್ತಿದ್ದರು. ಬಿಂಬದ ಹತ್ತಿರ ಹತ್ತಿರ ಅರ್ಧ ಭಾಗ ಮಾಯ. ಇಬ್ಬರು ಮಾತಾಡುವ ದೃಶ್ಯದಲ್ಲಿ ಒಬ್ಬರ ಮೂಗು ಮಾತ್ರ ಉಳಿದಿರುತ್ತಿತ್ತು. ನೋಡುವವರಲ್ಲಿ ಹೆಚ್ಚಿನವರಿಗೆ ತಾವು ಕಳೆದುಕೊಂಡದ್ದು ಏನೆಂದೇ ತಿಳಿಯುತ್ತಿರಲಿಲ್ಲ.

ತಿರುವು ಸಿಕ್ಕಿದ್ದು ವ್ಯಾಪಾರದಲ್ಲಿ ಸೋತ ಒಂದು ಸಾಧನದಿಂದ. ಗ್ರಾಮಫೋನ್ ತಟ್ಟೆಯಷ್ಟು ದೊಡ್ಡದಾದ ಲೇಸರ್ ಡಿಸ್ಕ್ 1978ರ ಡಿಸೆಂಬರಿನಲ್ಲಿ ಅಟ್ಲಾಂಟಾದಲ್ಲಿ ಮಾರಾಟಕ್ಕೆ ಬಂತು. ದುಬಾರಿ, ರೆಕಾರ್ಡ್ ಮಾಡಲು ಬರುವುದಿಲ್ಲ, ಒಂದೇ ಚಿತ್ರಕ್ಕೆ ತಟ್ಟೆ ಮಗುಚಬೇಕು. ಆದರೆ ಬಿಂಬ ಸ್ಪಷ್ಟವಾಗಿತ್ತು, ಬೇಕಾದ ಫ್ರೇಮಿನಲ್ಲಿ ನಿಲ್ಲಿಸಿ ನೋಡಬಹುದಿತ್ತು. 1984ರಲ್ಲಿ ಸ್ಥಾಪನೆಯಾದ ಕ್ರೈಟೀರಿಯನ್ ಕಲೆಕ್ಷನ್ ಈ ಡಿಸ್ಕಿನಲ್ಲಿ ತಂದ ಮೊದಲ ಎರಡು ಚಿತ್ರಗಳು ‘ಸಿಟಿಜನ್ ಕೇನ್’ ಮತ್ತು ‘ಕಿಂಗ್ ಕಾಂಗ್’. ಡಿಸ್ಕಿನಲ್ಲಿ ಎರಡು ಧ್ವನಿಪಥಗಳಿದ್ದವು. ‘ಕಿಂಗ್ ಕಾಂಗ್’ ಮಾನೊ ಧ್ವನಿಯ ಚಿತ್ರವಾದ್ದರಿಂದ ಒಂದು ಖಾಲಿ ಉಳಿಯಿತು. ಆ ಖಾಲಿ ಪಥದಲ್ಲಿ ಚಿತ್ರ ಇತಿಹಾಸಕಾರ ರೊನಾಲ್ಡ್ ಹೇವರ್ ಚಿತ್ರ ಓಡುತ್ತಿದ್ದಂತೆಯೇ ಅದರ ತಯಾರಿಕೆಯ ಕಥೆ ಹೇಳಿದರು. ಇಂದು ‘ಕಾಮೆಂಟರಿ’ ಎನ್ನುವ ಪ್ರಕಾರ ಹುಟ್ಟಿದ್ದು ಅಲ್ಲಿ. ಅಗಲ ಚಿತ್ರಗಳನ್ನು ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಟ್ಟು ಪೂರ್ತಿ ಚೌಕಟ್ಟಿನಲ್ಲಿ ತೋರಿಸುವ ಪದ್ಧತಿಯನ್ನು ರೂಢಿಗೆ ತಂದವರಲ್ಲೂ ಕ್ರೈಟೀರಿಯನ್‌ನವರು ಮುಂಚೂಣಿಯಲ್ಲಿದ್ದರು. ‘ಟಿ.ವಿ. ಅರ್ಧ ಖಾಲಿ ಏಕೆ’ ಎಂದು ಗೊಣಗಿದ ಗ್ರಾಹಕರಿಗೆ ನಿರ್ದೇಶಕ ಕಂಡ ಚೌಕಟ್ಟು ಇದೇ ಎಂದು ವಿವರಿಸಬೇಕಾಯಿತು.

1996ರಲ್ಲಿ ಜಪಾನಿನಲ್ಲಿ, ಮರುವರ್ಷ ಅಮೆರಿಕದಲ್ಲಿ ಡಿವಿಡಿ ಬಂದಾಗ ಈ ಅಭಿರುಚಿ ಸಣ್ಣ ವರ್ತುಲದಿಂದ ಹೊರಬಂತು. 1998ರಲ್ಲಿ ಕ್ರೈಟೀರಿಯನ್ ತನ್ನ ಡಿವಿಡಿಗಳ ಬೆನ್ನಿಗೆ ಕ್ರಮಸಂಖ್ಯೆ ಹಾಕತೊಡಗಿತು. ಆ ಸಂಖ್ಯೆಗಳ ಸಾಲು ಮುರಿಯದಂತೆ ಕೊಳ್ಳುವ ಸಂಗ್ರಾಹಕರು ಇಂದಿಗೂ ಇದ್ದಾರೆ. ಮೊದಲನೆಯ ಸಂಖ್ಯೆ ಜಾನ್ ರೆನ್ವಾರ್ ಅವರ ‘ಗ್ರ್ಯಾಂಡ್ ಇಲ್ಯೂಷನ್’ಗೆ (1937) ಮೀಸಲಾಗಿತ್ತು, ಆದರೆ ಎರಡನೆಯದಾದ ‘ಸೆವೆನ್ ಸಮುರಾಯ್’ ಅದಕ್ಕಿಂತ ಮೊದಲೇ ಅಂಗಡಿಗೆ ಬಂತು. ಕಾರಣ ಕೇಳಿದರೆ ಈ ಕ್ಷೇತ್ರದ ಸ್ವಭಾವವೇ ಅರ್ಥವಾಗುತ್ತದೆ. ರೆನ್ವಾರ್ ಚಿತ್ರದ ಮೂಲ ಕ್ಯಾಮೆರಾ ನೆಗೆಟಿವ್ ನಾಶವಾಯಿತೆಂದೇ ಬಹುಕಾಲ ನಂಬಲಾಗಿತ್ತು. ನಿಜದಲ್ಲಿ ಅದನ್ನು ನಾಜಿಗಳು ಬರ್ಲಿನ್ನಿಗೆ ಒಯ್ದಿದ್ದರು, ಅಲ್ಲಿಂದ ಸೋವಿಯತ್ ಸೇನೆ ಮಾಸ್ಕೋಗೆ ಸಾಗಿಸಿತ್ತು, ಮುಂದೆ ಫ್ರಾನ್ಸಿನ ಟುಲೂಸ್ ಆರ್ಕೈವಿಗೆ ಮರಳಿದ ಮೇಲೂ ಅದು ಏನೆಂದು ಯಾರೂ ಗುರುತಿಸದೆ ದಶಕಗಳು ಕಳೆದಿದ್ದವು. ಆ ನೆಗೆಟಿವ್‌ನಿಂದ ಮಾಡಿದ ಪ್ರತಿ ಲಭ್ಯವೆಂದು ತಿಳಿದಾಗ ಕ್ರೈಟೀರಿಯನ್‌ನವರು ಸಿದ್ಧವಾಗಿದ್ದ ಕೆಲಸ ನಿಲ್ಲಿಸಿ ಕಾದರು. ಡಿಸ್ಕ್ ಹೊರಬಂದದ್ದು 1999ರಲ್ಲಿ. ಒಳ್ಳೆಯ ಪಾಠ ಸಿಕ್ಕಿತೆಂದು ಮುದ್ರಣ ನಿಲ್ಲಿಸುವ ಪ್ರಕಾಶಕರು ಪುಸ್ತಕಲೋಕದಲ್ಲೂ ಅಪರೂಪ.

ಈ ಹೊತ್ತಿಗೆ ಬೇರೆ ಸಂಸ್ಥೆಗಳೂ ಕಣಕ್ಕಿಳಿದವು. ಬ್ರಿಟನ್ನಿನ ಬಿಎಫ್‌ಐ, ಯುರೇಕಾದ ‘ಮಾಸ್ಟರ್ಸ್ ಆಫ್ ಸಿನಿಮಾ’ ಮಾಲೆ, ಪೂರ್ವ ಯುರೋಪಿನ ಚಿತ್ರಗಳಿಗೆ ಹೆಸರಾದ ಲಂಡನ್ನಿನ ಸೆಕೆಂಡ್ ರನ್ ಇವುಗಳಲ್ಲಿ ಮುಖ್ಯ. ಅಡೂರರ ‘ಎಲಿಪ್ಪತ್ತಾಯಂ’ ಹೊರಗಿನವರ ಮನೆ ತಲುಪಿದ್ದು ಸೆಕೆಂಡ್ ರನ್ ಡಿಸ್ಕಿನಲ್ಲಿ. ಪಿ.ಕೆ. ನಾಯರ್ ಕುರಿತ ‘ಸೆಲ್ಯುಲಾಯ್ಡ್ ಮ್ಯಾನ್’ ಸಾಕ್ಷ್ಯಚಿತ್ರವನ್ನೂ ಅವರೇ ತಂದರು.

ವಿಮರ್ಶೆಯ ಭಾಷೆಯೂ ಬದಲಾಯಿತು. ಚಿತ್ರ ಹೇಗಿದೆ ಎಂಬುದರ ಜೊತೆಗೆ ಈ ಪ್ರತಿ ಹೇಗಿದೆ ಎಂದು ವಿಮರ್ಶಕ ಕೇಳತೊಡಗಿದ. ಯಾವ ನೆಗೆಟಿವ್‌ನಿಂದ ತೆಗೆದದ್ದು? ಚೌಕಟ್ಟಿನ ಅನುಪಾತ ಸರಿಯಿದೆಯೇ? ಸಬ್‌ಟೈಟಲ್ ಯಾರು ಮಾಡಿದ್ದು? ಕೆನಡಾದ ಗ್ಯಾರಿ ಟೂಜ್ ನಡೆಸುವ ಡಿವಿಡಿಬೀವರ್‌ನಲ್ಲಿ ಒಂದೇ ಚಿತ್ರದ ಬೇರೆ ಬೇರೆ ದೇಶಗಳ ಡಿಸ್ಕ್‌ಗಳಿಂದ ಒಂದೇ ಫ್ರೇಮನ್ನು ತೆಗೆದು ಮೇಲೆ ಕೆಳಗೆ ಇಟ್ಟು ತೋರಿಸುವ ಪದ್ಧತಿ ಬೆಳೆಯಿತು. ಒಂದರಲ್ಲಿ ಬಲಬದಿಯ ಬಾಗಿಲೇ ಇಲ್ಲ, ಇನ್ನೊಂದರಲ್ಲಿ ಆಕಾಶ ಬೆಳ್ಳಗೆ ಸುಟ್ಟುಹೋಗಿದೆ. ಪಾಲ್ ಎಂಬ ಟಿ.ವಿ. ಪದ್ಧತಿಯ ಡಿಸ್ಕುಗಳಲ್ಲಿ ಸೆಕೆಂಡಿಗೆ 24 ಫ್ರೇಮಿನ ಚಿತ್ರವನ್ನು 25ಕ್ಕೆ ಓಡಿಸುತ್ತಿದ್ದುದರಿಂದ ನೂರು ನಿಮಿಷದ ಚಿತ್ರ 96ಕ್ಕೇ ಮುಗಿಯುತ್ತಿತ್ತು, ಧ್ವನಿಯ ಸ್ಥಾಯಿಯೂ ತುಸು ಏರುತ್ತಿತ್ತು. ಇಂಥದ್ದನ್ನೆಲ್ಲ ಕಿವಿಗೊಟ್ಟು ಹಿಡಿದ ಹವ್ಯಾಸಿಗಳ ಒತ್ತಾಯವೇ ಕಂಪನಿಗಳನ್ನು ತಿದ್ದಿತು.

2006ರಲ್ಲಿ ಬಂದ ಬ್ಲೂ-ರೇ ಜಗಳಗಳನ್ನು ಇನ್ನಷ್ಟು ಸೂಕ್ಷ್ಮ ಮಾಡಿತು. ಫಿಲ್ಮಿನ ಬಿಂಬ ರಾಸಾಯನಿಕ ಕಣಗಳಿಂದಲೇ ಮೂಡಿದ್ದು. ಗ್ರೇನ್ ಎನ್ನುವ ಆ ಕಣಗಳು ಕೊಳೆಯಲ್ಲ. 2008ರಲ್ಲಿ ‘ಪ್ಯಾಟನ್’ ಚಿತ್ರದ ಬ್ಲೂ-ರೇ ಬಂದಾಗ ಗ್ರೇನ್ ಒರೆಸುವ ಭರದಲ್ಲಿ ಮುಖದ ಚರ್ಮವೇ ಮೇಣದಂತಾಗಿತ್ತು; ವಿಮರ್ಶಕರು ಬಿಡಲಿಲ್ಲ, ಮುಂದೆ ಹೊಸ ಪ್ರತಿ ಬಂತು. 2021ರಲ್ಲಿ ವಾಂಗ್ ಕಾರ್-ವೈ ತಮ್ಮ ಹಳೆಯ ಚಿತ್ರಗಳ ಬಣ್ಣವನ್ನು ಪುನರುದ್ಧಾರದ ವೇಳೆ ತಾವೇ ಬದಲಿಸಿದಾಗ ಪ್ರಶ್ನೆ ಕಠಿಣವಾಯಿತು. ಕವಿಯೇ ಮುಪ್ಪಿನಲ್ಲಿ ತಿದ್ದಿದ ಪದ್ಯವನ್ನು ಒಪ್ಪಬೇಕೋ, ಮೊದಲು ಅಚ್ಚಾದದ್ದನ್ನೋ? ಎರಡೂ ಸಿಗಬೇಕು ಎಂಬುದು ನನ್ನ ನಿಲುವು. ಹಳೆಯದನ್ನು ಮಾರುಕಟ್ಟೆಯಿಂದ ಅಳಿಸಿ ಹೊಸದನ್ನಷ್ಟೇ ಉಳಿಸುವುದು ನಿರ್ದೇಶಕನೇ ಮಾಡಿದರೂ ತಪ್ಪು.

ಇಡೀ ಇತಿಹಾಸದಲ್ಲಿ ನನ್ನನ್ನು ಹೆಚ್ಚು ಅಲುಗಾಡಿಸಿದ್ದು ರೇ ಅವರ ಅಪು ತ್ರಿವಳಿಯ ಕಥೆ. ಪುನರುದ್ಧಾರಕ್ಕೆಂದು ಹೋಗಿದ್ದ ಅದರ ನೆಗೆಟಿವ್‌ಗಳು 1993ರಲ್ಲಿ ಲಂಡನ್ನಿನ ಹೆಂಡರ್‌ಸನ್ ಲ್ಯಾಬಿನ ಬೆಂಕಿಗೆ ಸಿಕ್ಕವು. ಸುಟ್ಟು ಉಳಿದ ಸುರುಳಿಗಳನ್ನು ಎಸೆಯದೆ ಆಸ್ಕರ್ ಅಕಾಡೆಮಿಯ ಆರ್ಕೈವಿನಲ್ಲಿ ಇಡಲಾಯಿತು. ಎರಡು ದಶಕಗಳ ನಂತರ ಕ್ರೈಟೀರಿಯನ್‌ನವರು ಅವನ್ನು ಇಟಲಿಯ ಬೊಲೊನ್ಯಾದಲ್ಲಿರುವ ಲಿಮ್ಮಾಜಿನೆ ರಿತ್ರೊವಾತಾ ಪ್ರಯೋಗಾಲಯಕ್ಕೆ ಕಳಿಸಿದರು. ಒಣಗಿ ಮುರುಟಿದ್ದ ಫಿಲ್ಮಿಗೆ ದ್ರಾವಣದಲ್ಲಿ ಮತ್ತೆ ತೇವ ಕೊಟ್ಟು, ಕರಗಿ ಅಂಟಿದ್ದ ಟೇಪು ಮತ್ತು ಗೋಂದು ಕೆರೆದು, ಅಂಚಿನ ರಂಧ್ರಗಳನ್ನು ಕೈಯಿಂದಲೇ ಸರಿಪಡಿಸಿದರು. ಬರೀ ಈ ಕೈಕೆಲಸಕ್ಕೇ ಸುಮಾರು ಸಾವಿರ ಗಂಟೆ ಹಿಡಿಯಿತು. ‘ಪಥೇರ್ ಪಾಂಚಾಲಿ’ಯ ಶೇ 40ರಷ್ಟು, ‘ಅಪರಾಜಿತೊ’ದ ಶೇ 60ಕ್ಕೂ ಹೆಚ್ಚು ಭಾಗ ಮೂಲ ನೆಗೆಟಿವ್‌ನಿಂದಲೇ ದಕ್ಕಿತು, ‘ಅಪುರ್ ಸಂಸಾರ್’ಗೆ ಪೂರ್ತಿ ಬೇರೆ ಪ್ರತಿಗಳನ್ನು ಅವಲಂಬಿಸಬೇಕಾಯಿತು. 2015ರಲ್ಲಿ ಹೊರಬಂದ ಆ ಡಿಸ್ಕಿನಲ್ಲಿ ದುರ್ಗೆ ಮತ್ತು ಅಪು ಕಾಶಹುಲ್ಲಿನ ನಡುವೆ ಓಡುವುದನ್ನು ನೋಡಿದರೆ, ಹುಲ್ಲಿನ ಬಿಳಿ ತೆನೆ ಒಂದೊಂದೂ ಬೇರೆಯಾಗಿ ಕಾಣುತ್ತದೆ. ಈ ಪ್ರತಿಯನ್ನು ನೋಡದೆ ಸುಬ್ರತ ಮಿತ್ರರ ಛಾಯಾಗ್ರಹಣದ ಬಗ್ಗೆ ಬರೆಯಬಾರದು ಎಂದೇ ಹೇಳುತ್ತೇನೆ.

ಇಷ್ಟೆಲ್ಲ ಹೊಗಳಿದ ಮೇಲೆ ಒಂದು ಕೊರತೆಯನ್ನೂ ಹೇಳಬೇಕು. ಯಾವುದು ಕ್ಲಾಸಿಕ್ ಎಂದು ತೀರ್ಮಾನಿಸುವ ಅಧಿಕಾರ ಕೆಲವೇ ಕಂಪನಿಗಳ ಕೈಗೆ ಹೋಯಿತು. ಕ್ರೈಟೀರಿಯನ್ ಪಟ್ಟಿಯಲ್ಲಿ ಕಪ್ಪು ಅಮೆರಿಕನ್ ನಿರ್ದೇಶಕರು ಬೆರಳೆಣಿಕೆಯಷ್ಟೇ ಎಂದು 2020ರಲ್ಲಿ ನ್ಯೂಯಾರ್ಕ್ ಟೈಮ್ಸ್ ತೋರಿಸಿತು. ಮಾರ್ಟಿನ್ ಸ್ಕೋರ್ಸೆಸಿ 2007ರಲ್ಲಿ ಆರಂಭಿಸಿದ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಈ ಕೊರತೆಯನ್ನು ಸ್ವಲ್ಪ ತುಂಬಿದೆ. ಋತ್ವಿಕ್ ಘಟಕರ ‘ತಿತಾಸ್ ಏಕ್ಟಿ ನದೀರ್ ನಾಮ್’, ಉದಯಶಂಕರರ ‘ಕಲ್ಪನಾ’ ಅದರ ಮಾಲೆಯಲ್ಲಿ ಬಂದಿವೆ.

ನಮ್ಮಲ್ಲಿ ಡಿವಿಡಿಗಿಂತ ಮೊದಲು ಮನೆಮನೆಗೆ ನುಗ್ಗಿದ್ದು ವಿಸಿಡಿ. ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಇಳಿಸಿದಾಗ ಕಿರಾಣಿ ಅಂಗಡಿಯಲ್ಲೂ ಸಿನಿಮಾ ನೇತಾಡಿತು. 2008ರ ಆಸುಪಾಸಿನಲ್ಲಿ ಪಾಲಡೋರ್, ಎನ್‌ಡಿಟಿವಿ ಲೂಮಿಯೇರ್ ವಿಶ್ವಸಿನಿಮಾ ಡಿಸ್ಕ್‌ಗಳನ್ನು ತಂದವು, ಹೆಚ್ಚು ಕಾಲ ಬಾಳಲಿಲ್ಲ. ಕನ್ನಡದ ಹೊಸ ಅಲೆಯ ಚಿತ್ರಗಳಿಗೆ ಸಿಕ್ಕ ಗೌರವ ಎಂಥದು ಎನ್ನಲು ನನ್ನ ಕಪಾಟಿನ ಒಂದು ವಿಸಿಡಿ ಸಾಕು. ಎರಡು ತಟ್ಟೆ, ಮೊದಲನೆಯದು ಮಾತಿನ ನಡುವೆಯೇ ನಿಲ್ಲುತ್ತದೆ. ಬಲಮೂಲೆಯಲ್ಲಿ ಕಂಪನಿಯ ಲಾಂಛನ ಕೊನೆಯವರೆಗೂ ಅಲುಗದೆ ಕೂತಿದೆ. ಗೆರೆ ಬಿದ್ದ ಪ್ರತಿಯಿಂದ ತೆಗೆದದ್ದು, ರಾತ್ರಿಯ ದೃಶ್ಯ ಬರೀ ಕಪ್ಪು. ಕವರಿನ ಮೇಲೆ ಛಾಯಾಗ್ರಾಹಕನ ಹೆಸರೇ ಇಲ್ಲ.

ಸ್ಟ್ರೀಮಿಂಗ್ ಇದಕ್ಕೆ ಪರಿಹಾರವೆಂದು ನಂಬಿದವರಿಗೆ 2018ರಲ್ಲಿ ಫಿಲ್ಮ್‌ಸ್ಟ್ರಕ್ ಮುಚ್ಚಿದ್ದು ಎಚ್ಚರಿಕೆಯಾಯಿತು. ಕ್ಲಾಸಿಕ್‌ಗಳ ದೊಡ್ಡ ಭಂಡಾರ ಎರಡು ವರ್ಷಕ್ಕೇ ಬಾಗಿಲು ಹಾಕಿತು. 2023ರ ಸೆಪ್ಟೆಂಬರಿನಲ್ಲಿ ನೆಟ್‌ಫ್ಲಿಕ್ಸ್ ತನ್ನ ಡಿವಿಡಿ ಬಾಡಿಗೆ ಸೇವೆಯನ್ನೂ ನಿಲ್ಲಿಸಿತು. ಆದರೂ 4ಕೆ ಡಿಸ್ಕ್‌ಗಳು ಬರುತ್ತಲೇ ಇವೆ, ಕೊಳ್ಳುವವರು ಕಡಿಮೆಯಾದರೂ ಗಟ್ಟಿಯಾಗಿ ಉಳಿದಿದ್ದಾರೆ.

ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಮತ್ತು ಶಿವೇಂದ್ರ ಸಿಂಗ್ ಡೂಂಗರ್‌ಪುರ್ ಅವರ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಜೊತೆಗೂಡಿದ್ದರಿಂದ ಅದೇ ಬೊಲೊನ್ಯಾ ಪ್ರಯೋಗಾಲಯದಲ್ಲಿ 4ಕೆಗೆ ಪುನರುದ್ಧಾರಗೊಂಡು 2024ರಲ್ಲಿ ವೆನಿಸ್ ಉತ್ಸವದಲ್ಲಿ ಪ್ರದರ್ಶನ ಕಂಡಿತು. ದಾರಿ ಇದೆ ಎಂದಾಯಿತು. ಆದರೆ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ (1934) ಪ್ರತಿ ಉಳಿದಿಲ್ಲ. ‘ಘಟಶ್ರಾದ್ಧ’ದ ಸಂಗೀತ ಕೊಟ್ಟ ಬಿ.ವಿ. ಕಾರಂತರಿಲ್ಲ, ಕ್ಯಾಮೆರಾ ಹಿಡಿದ ಎಸ್. ರಾಮಚಂದ್ರ ಇಲ್ಲ, ಕಥೆ ಬರೆದ ಅನಂತಮೂರ್ತಿಯವರಿಲ್ಲ. ಇವರ ಧ್ವನಿಯನ್ನು ಚಿತ್ರದ ಪಕ್ಕದ ಪಥದಲ್ಲಿ ದಾಖಲಿಸುವ ಅವಕಾಶ ಕೈತಪ್ಪಿದೆ. ಚಲನಚಿತ್ರ ಅಕಾಡೆಮಿ, ವಿಶ್ವವಿದ್ಯಾಲಯಗಳು, ಪುಸ್ತಕ ಪ್ರಕಾಶಕರು ಮನಸ್ಸು ಮಾಡಲಿ: ಆ ಕಾಲದ ನಿರ್ದೇಶಕರು, ಸಂಕಲನಕಾರರು, ನಟನಟಿಯರು ನಮ್ಮೊಡನಿರುವಾಗಲೇ ಅವರನ್ನು ಚಿತ್ರದ ಮುಂದೆ ಕೂರಿಸಿ, ದೃಶ್ಯ ದೃಶ್ಯಕ್ಕೂ ಕನ್ನಡದಲ್ಲಿ ಮಾತಾಡಿಸಿ, ಧ್ವನಿಮುದ್ರಿಸಿ ಇಟ್ಟುಕೊಳ್ಳಲಿ. ಅದಕ್ಕೆ ಬೊಲೊನ್ಯಾಕ್ಕೆ ಹೋಗಬೇಕಾಗಿಲ್ಲ.