ತಕಲಿಯಿಂದ ಧ್ವಜದವರೆಗೆ: ಕಸುಬಿನ ಶಾಲೆಯಲ್ಲಿ ಗಣಿತ

ಈ ವೇಳಾಪಟ್ಟಿಯನ್ನು ಒಮ್ಮೆ ಗಮನಿಸಿ. ಶಾಲೆಯ ಒಟ್ಟು ಅವಧಿ 5 ಗಂಟೆ 30 ನಿಮಿಷ. ಅದರಲ್ಲಿ ಕೈಕಸುಬಿಗೆ 3 ಗಂಟೆ 20 ನಿಮಿಷ, ತಾಯ್ನುಡಿಗೆ 40 ನಿಮಿಷ, ಸಮಾಜ ಮತ್ತು ಸಾಮಾನ್ಯ ವಿಜ್ಞಾನಕ್ಕೆ 30 ನಿಮಿಷ, ಅಂಗಸಾಧನೆಗೆ 10 ನಿಮಿಷ, ವಿರಾಮಕ್ಕೆ 10 ನಿಮಿಷ. ಉಳಿದ 40 ನಿಮಿಷ ಸಂಗೀತ, ಚಿತ್ರಕಲೆ ಮತ್ತು ಗಣಿತ ಈ ಮೂರಕ್ಕೂ ಸೇರಿ!

ಇದು ಯಾರದೋ ಕಲ್ಪನೆಯಲ್ಲ. 1937ರಲ್ಲಿ ಡಾ. ಜಾಕಿರ್ ಹುಸೇನ್ ಅವರ ಅಧ್ಯಕ್ಷತೆಯ ಸಮಿತಿಯು ಮೂಲಶಿಕ್ಷಣದ ಶಾಲೆಗಳಿಗೆ ಸೂಚಿಸಿದ ವೇಳಾಪಟ್ಟಿ. ಗಣಿತದ ಶಿಕ್ಷಕರು ಇದನ್ನು ನೋಡಿದರೆ ಗಾಬರಿಯಾಗುವುದು ಸಹಜ. ಆದರೆ ಸಮಿತಿಯ ಲೆಕ್ಕಾಚಾರ ಬೇರೆಯಿತ್ತು. ಗಣಿತದ ಬಹುಭಾಗ ಆ 3 ಗಂಟೆ 20 ನಿಮಿಷದ ಕಸುಬಿನೊಳಗೇ ಕಲಿಯಬೇಕಾಗಿತ್ತು. ಅದು ಸಾಧ್ಯವಾಯಿತೆ? ಸಾಧ್ಯವಾಗದಿದ್ದರೆ ತಪ್ಪು ಎಲ್ಲಿತ್ತು? ಯೋಜನೆಗಳ ಮೂಲಕ, ಕಲೆಯ ಮೂಲಕ ಗಣಿತ ಕಲಿಸಬೇಕೆಂದು ಇಂದು ಮತ್ತೆ ಕೇಳಿಬರುತ್ತಿರುವಾಗ ಈ ಪ್ರಶ್ನೆಗಳನ್ನು ಎತ್ತಿಕೊಳ್ಳುವುದು ಅಗತ್ಯ.

ಶಿಕಾಗೋದಿಂದ ವಾರ್ಧಾಕ್ಕೆ

ಕೆಲಸದ ಮೂಲಕ ಕಲಿಸುವ ವಿಚಾರ ಒಂದೇ ದೇಶದ್ದಲ್ಲ. ಅಮೆರಿಕದ ಜಾನ್ ಡ್ಯೂಯಿ 1896ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಾಯೋಗಿಕ ಶಾಲೆ ತೆರೆದರು. ಅಲ್ಲಿಯ ಮಕ್ಕಳು ಹತ್ತಿ ಮತ್ತು ಉಣ್ಣೆಯನ್ನು ಕೈಯಲ್ಲಿ ಹಿಡಿದು ಪರೀಕ್ಷಿಸಿದರು. ಅರ್ಧ ಗಂಟೆ ಕುಳಿತು ಬೀಜದಿಂದ ಅರಳೆ ಬಿಡಿಸಿದರೂ ಒಂದು ಔನ್ಸ್ ಸಿಗಲಿಲ್ಲ. ಹಿಂದಿನ ಕಾಲದ ಜನ ಹತ್ತಿಗಿಂತ ಉಣ್ಣೆಯ ಬಟ್ಟೆಯನ್ನು ಹೆಚ್ಚು ಉಟ್ಟಿದ್ದೇಕೆ ಎಂಬುದು ಆ ಮಕ್ಕಳಿಗೆ ಪುಸ್ತಕವಿಲ್ಲದೆ ತಿಳಿಯಿತು. ಡ್ಯೂಯಿಯವರ ಅನುಯಾಯಿ ಕಿಲ್‌ಪ್ಯಾಟ್ರಿಕ್ 1918ರಲ್ಲಿ ಇದಕ್ಕೆ ‘ಯೋಜನಾ ಪದ್ಧತಿ’ ಎಂಬ ಹೆಸರಿನಲ್ಲಿ ಒಂದು ರೂಪ ಕೊಟ್ಟರು.

ಭಾರತದಲ್ಲಿ 1937ರ ಅಕ್ಟೋಬರ್ 22 ಮತ್ತು 23ರಂದು ವಾರ್ಧಾದಲ್ಲಿ ನಡೆದ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿ ತಮ್ಮ ಯೋಜನೆಯನ್ನು ಮಂಡಿಸಿದರು. ಏಳು ವರ್ಷಗಳ ಉಚಿತ ಶಿಕ್ಷಣ, ತಾಯ್ನುಡಿಯಲ್ಲಿ ಬೋಧನೆ, ಒಂದು ಉತ್ಪಾದಕ ಕಸುಬಿನ ಸುತ್ತ ಎಲ್ಲ ವಿಷಯಗಳ ಕಲಿಕೆ ಎಂಬುದು ಅದರ ಸಾರ. ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆ ಪ್ರಾಂತದ ಪ್ರಧಾನಿಯಾಗಿದ್ದ ಬಿ.ಜಿ. ಖೇರ್ ಅವರೇ ಈ ಯೋಜನೆಯನ್ನು ಪರಿಶೀಲಿಸಿದ ಕೇಂದ್ರ ಸಲಹಾ ಮಂಡಳಿಯ ಸಮಿತಿಗಳ ಅಧ್ಯಕ್ಷರೂ ಆಗಿದ್ದರು. ಮೂಲಶಿಕ್ಷಣವನ್ನು ಮೊದಲಿಗೆ ಕೈಗೆತ್ತಿಕೊಂಡ ಪ್ರಾಂತಗಳಲ್ಲಿ ಮುಂಬಯಿಯೂ ಒಂದು.

ನೂಲಿನಲ್ಲಿ ಅಡಗಿದ ವಕ್ರರೇಖೆ

ನೂಲುವುದರಲ್ಲಿ ಎಂಥ ಗಣಿತವಿದೆ ಎಂದು ನೀವು ಕೇಳಬಹುದು. ಒಂದು ಉದಾಹರಣೆ ನೋಡೋಣ.

ನೂಲಿನ ಸಣ್ಣತನವನ್ನು ‘ನಂಬರ್’ನಿಂದ ಹೇಳುವುದು ರೂಢಿ. ಹಳೆಯ ಇಂಗ್ಲಿಷ್ ಪದ್ಧತಿಯಂತೆ 840 ಗಜದ ಲಡಿಗಳು ಒಂದು ಪೌಂಡಿಗೆ ಎಷ್ಟು ತೂಗುತ್ತವೆಯೋ ಅದೇ ಆ ನೂಲಿನ ನಂಬರ್. ಇಪ್ಪತ್ತು ಲಡಿ ಬೇಕಾದರೆ 20ನೇ ನಂಬರ್, ನಲವತ್ತು ಬೇಕಾದರೆ 40ನೇ ನಂಬರ್. ಅಂದರೆ ನಂಬರ್ ಹೆಚ್ಚಿದಷ್ಟೂ ನೂಲು ಸಣ್ಣ. 840 ಗಜವೆಂದರೆ ಸುಮಾರು 768 ಮೀಟರ್, ಒಂದು ಪೌಂಡ್ ಎಂದರೆ 453.6 ಗ್ರಾಂ. ಈಗ 1,000 ಮೀಟರ್ ಉದ್ದದ ಒಂದು ಲಡಿಯನ್ನು ತೂಗಿದರೆ, ಅದರ ತೂಕವನ್ನೂ ನಂಬರನ್ನೂ ಗುಣಿಸಿದಾಗ ಯಾವಾಗಲೂ ಸುಮಾರು 590 ಬರುತ್ತದೆ. 10ನೇ ನಂಬರಿನ ಲಡಿ 59 ಗ್ರಾಂ, 20ರದ್ದು 29.5 ಗ್ರಾಂ, 40ರದ್ದು 15 ಗ್ರಾಂಗಿಂತ ತುಸು ಕಡಿಮೆ.

ಈ ಬಿಂದುಗಳನ್ನು ನಕ್ಷೆಹಾಳೆಯ ಮೇಲೆ ಗುರುತಿಸಿ. ಸರಳರೇಖೆ ಬರುವುದಿಲ್ಲ, ಆಯತೀಯ ಅತಿಪರವಲಯ ಬರುತ್ತದೆ. ವಿಲೋಮಾನುಪಾತವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಕಷ್ಟ.

ಇನ್ನೊಂದು ಹೆಜ್ಜೆ ಮುಂದೆ ಹೋಗಿ. 40ನೇ ನಂಬರಿನ ನೂಲು 10ನೇ ನಂಬರಿನದಕ್ಕಿಂತ ಎಷ್ಟು ಪಟ್ಟು ತೆಳು? ‘ನಾಲ್ಕು ಪಟ್ಟು’ ಎಂದೇ ವಿದ್ಯಾರ್ಥಿಗಳು ಹೇಳುತ್ತಾರೆ. ಅಷ್ಟೇ ಉದ್ದಕ್ಕೆ ತೂಕ ಕಾಲು ಭಾಗವಾದರೆ ಅಡ್ಡಕೊಯ್ತದ ವಿಸ್ತೀರ್ಣ ಕಾಲು ಭಾಗವಾಗುತ್ತದೆ. ವ್ಯಾಸವಾದರೋ ಅರ್ಧ ಮಾತ್ರ. ವ್ಯಾಸವು ನಂಬರಿನ ವರ್ಗಮೂಲಕ್ಕೆ ವಿಲೋಮವಾಗಿರುತ್ತದೆ. ಒಂದು ಸೆಂಟಿಮೀಟರಿನಲ್ಲಿ ಎಷ್ಟು ಎಳೆ ಹಿಡಿಸಬಹುದು ಎಂದು ನಿರ್ಧರಿಸಬೇಕಾದ ನೇಕಾರನಿಗೆ ಇದು ಪರೀಕ್ಷೆಯ ಪ್ರಶ್ನೆಯಲ್ಲ. ಹಾಸು ಮತ್ತು ಹೊಕ್ಕು ಸರಿಯಾಗಿ ಕೂಡಬೇಕಾದರೆ ತಿಳಿದಿರಲೇಬೇಕಾದ ಸಂಗತಿ.

ಎಡವಿದ್ದು ಎಲ್ಲಿ?

ಇಷ್ಟು ಶ್ರೀಮಂತ ಗಣಿತ ಕಸುಬಿನಲ್ಲಿದ್ದರೂ ಮೂಲಶಿಕ್ಷಣ ನಿಲ್ಲಲಿಲ್ಲ. ಇದಕ್ಕೆ ಆಡಳಿತದ, ಹಣಕಾಸಿನ, ಸಾಮಾಜಿಕ ಕಾರಣಗಳು ಹಲವು. ಗಣಿತದ ಮಟ್ಟಿಗೆ ಮುಖ್ಯವಾದದ್ದು ಒಂದು. ಮಕ್ಕಳ ದುಡಿಮೆಯ ಉತ್ಪನ್ನದಿಂದ ಶಿಕ್ಷಕರ ಸಂಬಳವಾದರೂ ಹೊರಡಬೇಕೆಂಬ ಆಶಯ ಯೋಜನೆಯೊಳಗೇ ಇತ್ತು. ಇಂಥ ಕಡೆ ಮೊದಲ ಪ್ರಶ್ನೆ ‘ಏಕೆ ಹೀಗೆ?’ ಎಂಬುದಲ್ಲ, ‘ಎಷ್ಟು ನೂತಿರಿ?’ ಎಂಬುದು. ಆಗ ಗಣಿತವೆಂದರೆ ನೂಲಿನ ಉದ್ದ, ತೂಕ, ಕೂಲಿಗಳ ಜಮಾಖರ್ಚು. ಕೂಡಿಸು, ಕಳೆ, ಗುಣಿಸು, ಭಾಗಿಸು. ಅತಿಪರವಲಯವೂ ವರ್ಗಮೂಲವೂ ಅದೇ ಲಡಿಯಲ್ಲಿ ಇದ್ದರೂ ಹೊರಗೆ ಬರಲು ಅವಕಾಶವಿಲ್ಲ.

ಮತ್ತೊಂದು ಕಡೆ, ಎಲ್ಲ ಪಾಠವನ್ನೂ ಕಸುಬಿಗೇ ಜೋಡಿಸಬೇಕೆಂಬ ಹಟ. ಹಂಜಿಗಳನ್ನು ಎಣಿಸಿ ಕೂಡಿಸುವುದು ಕಸುಬಿನ ಗಣಿತವಲ್ಲ. ಹಂಜಿಯ ಬದಲು ಹುಣಸೆ ಬೀಜ ಇಟ್ಟರೂ ಲೆಕ್ಕ ಅದೇ. 1964–66ರ ಕೊಠಾರಿ ಆಯೋಗ ‘ಕಾರ್ಯಾನುಭವ’ ಎಂಬ ಹೆಸರನ್ನು ತಂದಿತು. 1977ರ ಈಶ್ವರಭಾಯಿ ಪಟೇಲ್ ಸಮಿತಿ ‘ಸಮಾಜೋಪಯೋಗಿ ಉತ್ಪಾದಕ ಕಾರ್ಯ’ವನ್ನು ಸೂಚಿಸಿತು. ಎಸ್‌ಯುಪಿಡಬ್ಲ್ಯು ಎಂಬ ಹೆಸರಿನಲ್ಲಿ ಅದು ನಿಮಗೆ ಪರಿಚಿತ. ಕೆಲಸಕ್ಕೆ ಹೀಗೆ ಪ್ರತ್ಯೇಕ ಪಿರಿಯಡ್ ಸಿಕ್ಕಿತು. ಗಣಿತದ ಪಿರಿಯಡ್ ಬೇರೆಯಾಗಿಯೇ ಉಳಿಯಿತು.

ಗರಗದ ಬಟ್ಟೆ, ಬೆಂಗೇರಿಯ ಚಕ್ರ

ಶಾಲೆ ಬಿಟ್ಟುಕೊಟ್ಟ ಗಣಿತವನ್ನು ಕಸುಬು ಬಿಡಲಿಲ್ಲ. ಧಾರವಾಡ ತಾಲೂಕಿನ ಗರಗದಲ್ಲಿ 1954ರಲ್ಲಿ ಸ್ವಾತಂತ್ರ್ಯ ಹೋರಾಟಗಾರರು ಕ್ಷೇತ್ರೀಯ ಸೇವಾ ಸಂಘದ ಮೂಲಕ ಖಾದಿ ಕೇಂದ್ರ ಆರಂಭಿಸಿದರು. ರಾಷ್ಟ್ರಧ್ವಜದ ಬಟ್ಟೆಯಿಂದ ಆ ಊರು ದೇಶಕ್ಕೆಲ್ಲ ಪರಿಚಿತವಾಯಿತು. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಮುಂದೆ ಮಾನಕ ಸಂಸ್ಥೆಯ ನಿಯಮಗಳಂತೆ ಧ್ವಜಗಳನ್ನು ಸಿದ್ಧಪಡಿಸತೊಡಗಿತು.

ಧ್ವಜಕ್ಕೆ ಒಂಬತ್ತು ಅಳತೆಗಳಿವೆ. ಅತಿ ದೊಡ್ಡದು 6300 × 4200 ಮಿ.ಮೀ., ಅತಿ ಸಣ್ಣದು 150 × 100 ಮಿ.ಮೀ. ಎಲ್ಲಕ್ಕೂ ಅನುಪಾತ 3:2. ಆದ್ದರಿಂದ ಒಂಬತ್ತೂ ಸಮರೂಪ ಆಕೃತಿಗಳೆಂದು ನೀವು ಪಾಠ ಮಾಡಬಹುದು. ಆದರೆ ಸ್ವಲ್ಪ ತಾಳಿ. ಚಕ್ರದ ವ್ಯಾಸಗಳು ಕ್ರಮವಾಗಿ 1295, 740, 555, 370, 280, 185, 90, 40 ಮತ್ತು 25 ಮಿ.ಮೀ. ಪ್ರತಿಯೊಂದನ್ನೂ ಬಿಳಿ ಪಟ್ಟಿಯ ಎತ್ತರದಿಂದ ಭಾಗಿಸಲು ನಿಮ್ಮ ವಿದ್ಯಾರ್ಥಿಗಳಿಗೆ ಹೇಳಿ. ಮೊದಲ ನಾಲ್ಕಕ್ಕೂ 900 × 600ರ ಧ್ವಜಕ್ಕೂ ಕರಾರುವಾಕ್ಕಾಗಿ 0.925 ಬರುತ್ತದೆ. 1350 × 900ಕ್ಕೆ 0.933, 450 × 300ಕ್ಕೆ 0.9. ಇವನ್ನು ಪೂರ್ಣಾಂಕಕ್ಕೆ ಸರಿಹೊಂದಿಸಿದ್ದೆಂದು ಒಪ್ಪಬಹುದು. ಕೊನೆಯ ಎರಡಕ್ಕೆ ಮಾತ್ರ 0.8 ಮತ್ತು 0.75! ಸಣ್ಣ ಧ್ವಜದಲ್ಲಿ ಚಕ್ರ ಅನುಪಾತಕ್ಕಿಂತ ಚಿಕ್ಕದಾಗಿದೆ. ಏಕಿರಬಹುದು? ಅಂಚಿನಲ್ಲಿ ಉಳಿಯುವ ಜಾಗವನ್ನು ಮಿಲಿಮೀಟರಿನಲ್ಲಿ ಲೆಕ್ಕ ಹಾಕಿ ಮಕ್ಕಳೇ ವಾದಿಸಲಿ.

ಚಕ್ರಕ್ಕೆ 24 ಅರಗಳು. ಎರಡರ ನಡುವೆ 15 ಡಿಗ್ರಿ. 60 ಡಿಗ್ರಿಯನ್ನು ಎರಡು ಸಲ ಅರ್ಧಿಸಿದರೆ ಕೈವಾರದಿಂದಲೇ ಈ ಕೋನ ಸಿಗುತ್ತದೆ. ಒಂದು ಡಿಗ್ರಿ ತಪ್ಪಿದರೆ ಏನಾಗುತ್ತದೆ? 25 ಮಿ.ಮೀ. ಚಕ್ರದ ಅಂಚಿನಲ್ಲಿ 0.2 ಮಿ.ಮೀ. ವ್ಯತ್ಯಾಸ, ಕಣ್ಣಿಗೆ ಬೀಳದು. 1295 ಮಿ.ಮೀ. ಚಕ್ರದಲ್ಲಾದರೆ 11 ಮಿ.ಮೀ.ಗೂ ಹೆಚ್ಚು. ಎರಡೂ ಬದಿಯ ಚಕ್ರಗಳು ಒಂದರ ಮೇಲೊಂದು ಕೂಡಬೇಕಾದಲ್ಲಿ ಅದು ಎದ್ದು ಕಾಣುತ್ತದೆ.

ಧ್ವಜದ ಬಟ್ಟೆಯ ಒಂದು ಚದರ ಅಡಿ 205 ಗ್ರಾಂ ತೂಗಬೇಕೆಂದು ಹಲವು ಬರಹಗಳಲ್ಲಿ ಓದುತ್ತೇವೆ. ನಂಬುವ ಮೊದಲು ಲೆಕ್ಕ ಮಾಡಿ. ಒಂದು ಚದರ ಮೀಟರಿನಲ್ಲಿ 10.76 ಚದರ ಅಡಿ. ಹಾಗಾದರೆ ಒಂದು ಚದರ ಮೀಟರ್ ಬಟ್ಟೆ 2.2 ಕೆ.ಜಿ., ಅತಿ ದೊಡ್ಡ ಧ್ವಜ 58 ಕೆ.ಜಿ.! ಚದರ ಅಡಿಯ ಬದಲು ಚದರ ಮೀಟರಿಗೆ 205 ಗ್ರಾಂ ಎಂದು ಓದಿದರೆ ಅದೇ ಧ್ವಜ ಸುಮಾರು 5.4 ಕೆ.ಜಿ., ನಿಮ್ಮ ಶಾಲೆಯ 900 × 600ರ ಧ್ವಜ ಸುಮಾರು 111 ಗ್ರಾಂ. ಯಾವುದು ಸರಿ ಎಂದು ತೀರ್ಮಾನಿಸಲು ಒಂದು ತಕ್ಕಡಿ ಸಾಕು.

ಕಸೂತಿಯಲ್ಲೊಂದು ಪ್ರಮೇಯ

ಧಾರವಾಡದ ಕಸೂತಿಯಲ್ಲಿ ‘ಗವಂತಿ’ ಎಂಬ ಹೊಲಿಗೆಯಿದೆ. ಸೂಜಿ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ ಎಂದು ಸಾಗಿ, ಮರಳುವಾಗ ಬಿಟ್ಟುಹೋದ ಜಾಗಗಳನ್ನು ತುಂಬುತ್ತದೆ. ಗಂಟು ಹಾಕುವುದಿಲ್ಲ. ಬಟ್ಟೆಯ ಎರಡೂ ಬದಿಯಲ್ಲಿ ಒಂದೇ ಚಿತ್ತಾರ. ಅಡ್ಡ ಮತ್ತು ಉದ್ದ ಗೆರೆಗಳಿಂದಾದ, ತುಂಡಾಗದ ಯಾವುದೇ ಚಿತ್ತಾರವನ್ನೂ ಹೀಗೆ ಒಂದೇ ದಾರದಲ್ಲಿ ಹೊಲಿಯಬಹುದೆ?

ಗೆರೆಗಳು ಸೇರುವ ಬಿಂದುಗಳಿಗೆ ಚದುರಂಗದ ಮಣೆಯಂತೆ ಕಪ್ಪು ಬಿಳುಪು ಬಣ್ಣ ಕೊಡಿ. ಪ್ರತಿ ಹೊಲಿಗೆಯೂ ಕಪ್ಪಿನಿಂದ ಬಿಳಿಗೆ ಅಥವಾ ಬಿಳಿಯಿಂದ ಕಪ್ಪಿಗೆ ಹೋಗುತ್ತದೆ. ಮೊದಲನೆಯದು ಬಟ್ಟೆಯ ಮೇಲೆ, ಎರಡನೆಯದು ಕೆಳಗೆ ಎಂದು ಇಟ್ಟುಕೊಳ್ಳಿ. ಪ್ರತಿ ಗೆರೆಯಲ್ಲಿ ಎರಡೂ ದಿಕ್ಕಿಗೆ ಒಂದೊಂದು ಸಲ ಸಾಗಬೇಕು. ಆಗ ಪ್ರತಿ ಬಿಂದುವಿಗೆ ಬರುವ ದಾರಿಗಳಷ್ಟೇ ಹೋಗುವ ದಾರಿಗಳಿರುತ್ತವೆ. 1736ರಲ್ಲಿ ಆಯ್ಲರ್ ಕೋನಿಗ್ಸ್‌ಬರ್ಗಿನ ಏಳು ಸೇತುವೆಗಳ ಸಮಸ್ಯೆಯನ್ನು ಬಿಡಿಸಿದಾಗ ಮೊಳೆತ ಸಿದ್ಧಾಂತದಂತೆ, ಇಂಥಲ್ಲಿ ಎಲ್ಲ ದಾರಿಗಳನ್ನೂ ಒಮ್ಮೆಗೇ ಮುಗಿಸಿ ಹೊರಟಲ್ಲಿಗೆ ಮರಳಬಹುದು. ಬಣ್ಣಗಳು ಸರದಿಯಂತೆ ಬರುವುದರಿಂದ ಮೇಲೆ ಕೆಳಗೆ ಎಂಬ ಸರದಿಯೂ ತಾನಾಗಿಯೇ ಬರುತ್ತದೆ. ಆದ್ದರಿಂದ ಉತ್ತರ: ಹೌದು, ಯಾವಾಗಲೂ! ಹೊಲಿಯುವ ಕೈಗಳಿಗೆ ಗೊತ್ತಿದ್ದ ಈ ದಾರಿಗೆ ಪ್ರೌಢಶಾಲೆಯ ವಿದ್ಯಾರ್ಥಿ ಸಾಧನೆ ಬರೆಯಬಲ್ಲ.

ಈಗ ನಮ್ಮ ಕೆಲಸ

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೆಲಸವನ್ನು ಮತ್ತೆ ಶಿಕ್ಷಣದ ನಡುವೆ ತರಬೇಕೆಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯವರು ಹತ್ತು ದಿನ ಚೀಲವಿಲ್ಲದೆ ಸ್ಥಳೀಯ ಕುಶಲಕರ್ಮಿಗಳ ಬಳಿ ಕಲಿಯಬೇಕೆಂದಿತು. ಅತ್ತ 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಗೆ ತಿದ್ದುಪಡಿಯಾಗಿ ಯಂತ್ರದಲ್ಲಿ ತಯಾರಾದ, ಪಾಲಿಯೆಸ್ಟರಿನ ಧ್ವಜಗಳಿಗೂ ಅನುಮತಿ ದೊರೆಯಿತು. ಕೈನೂಲು, ಕೈಮಗ್ಗಗಳ ಕೇಂದ್ರಗಳಿಗೆ ಇದರಿಂದ ಕಠಿಣ ಪೈಪೋಟಿ ಎದುರಾಗಿದೆ. ಶಾಲೆ ಕಸುಬಿನತ್ತ ಹೊರಟಿರುವ ಹೊತ್ತಿನಲ್ಲೇ ಕಸುಬು ಕಣ್ಮರೆಯಾಗುವ ಭಯವಿದೆ.

ಆದ್ದರಿಂದ ಶಿಕ್ಷಕರೇ, ನಿಮ್ಮ ಊರಿನ ಮಗ್ಗ, ಕುಲುಮೆ, ಕುಂಬಾರರ ತಿಗರಿ, ಬಡಗಿಯ ಮನೆ ಯಾವುದೇ ಇರಲಿ, ಅಲ್ಲಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ಹೋಗುವ ಮೊದಲು ಯೋಜನೆಯನ್ನು ಒಂದು ಪ್ರಶ್ನೆಯಿಂದ ಪರೀಕ್ಷಿಸಿ: ಈ ಲೆಕ್ಕ ತಪ್ಪಿದರೆ ಕೆಲಸ ಕೆಡುತ್ತದೆಯೆ? ಕೆಡುವುದಿಲ್ಲವಾದರೆ ಅದು ಹಂಜಿ ಎಣಿಸುವ ಗಣಿತ. ಪಠ್ಯಪುಸ್ತಕದಿಂದಲೇ ಕಲಿಸಿ, ಯಾವ ನಷ್ಟವೂ ಇಲ್ಲ. ಕೆಡುತ್ತದೆಯೆಂದಾದರೆ ಅಲ್ಲೇ ಕುಳಿತು ಕಲಿಸಿ. ಕಸುಬುದಾರರು ಅದನ್ನು ಹೇಗೆ ಲೆಕ್ಕ ಹಾಕುತ್ತಾರೆಂದು ಅವರನ್ನೇ ಕೇಳಿ, ಅವರ ಮಾತಿನಲ್ಲೇ ಬರೆದುಕೊಳ್ಳಲು ಮಕ್ಕಳಿಗೆ ಹೇಳಿ. ಅದು ಯಾವ ಪಠ್ಯಪುಸ್ತಕದಲ್ಲೂ ಇಲ್ಲದ ಗಣಿತ. ಬರೆದಿಡುವವರು ಬೇಕಾಗಿದ್ದಾರೆ.