ಪದ ಪರಿಚಯ: ಹದ

ಹದ (ನಾಮಪದ): ಕೆಲಸಕ್ಕೆ ತಕ್ಕ ಸ್ಥಿತಿ. ಹಳಗನ್ನಡದ ‘ಪದ’ವೇ ಪಕಾರ ಹಕಾರವಾಗಿ ‘ಹದ’ವಾಯಿತು; ಹೆಜ್ಜೆ, ಮಾತು ಎಂಬರ್ಥದ ಸಂಸ್ಕೃತ ‘ಪದ’ ಬೇರೆ. ತಮಿಳಿನಲ್ಲಿ ‘ಪದಂ’, ತೆಲುಗಿನಲ್ಲಿ ‘ಪದುನು’. ಮಣ್ಣಿನ ತೇವಕ್ಕೂ ಅಲಗಿನ ಹರಿತಕ್ಕೂ ತೆಲುಗರಿಗೆ ಇದೊಂದೇ ಮಾತು. ಕನ್ನಡದಲ್ಲೂ ಬಿತ್ತನೆಗೆ ನೆಲ, ಪಾಕಕ್ಕೆ ಬೆಲ್ಲ, ಬಡಿಯಲು ಕಬ್ಬಿಣ ಹದಕ್ಕೆ ಬರಬೇಕು.

ಕಾರ್ಖಾನೆಗೆ ಬೇಕಾದದ್ದು ಅಂಕಿ, ಹದವೆಂಬುದು ಕಣ್ಣಂದಾಜು ಎಂಬ ಆಕ್ಷೇಪವಿದೆ. ಆದರೆ ಹದವೆಂದರೆ ಬರೀ ಕಾವಲ್ಲ. ಕಾರಿನ ಕವಚದ ಭಾಗಗಳಿಗಾಗಿ ಬೋರಾನ್ ಬೆರೆತ ಉಕ್ಕಿನ ಹಾಳೆಯನ್ನು 900 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿ, ತಣ್ಣನೆಯ ಅಚ್ಚಿನಲ್ಲಿ ಒತ್ತುತ್ತಾರೆ. ಬೇಗ ಆರಿದರಷ್ಟೇ ಅದು ಗಡುಸಾಗುತ್ತದೆ. ಹೀಗೆ ಕಾಯಿಸುವ ಬಗೆಗಳಲ್ಲೊಂದಾದ ಇಂಡಕ್ಷನ್ ವಿಧಾನದಲ್ಲಿ ತಾಮ್ರದ ಸುರುಳಿಯ ವಿದ್ಯುತ್ತು ಹಾಳೆಯೊಳಗೇ ಪ್ರವಾಹ ಹುಟ್ಟಿಸಿ ಕಾಯಿಸುತ್ತದೆ. ಸುಮಾರು 770 ಡಿಗ್ರಿ ದಾಟಿದ ಮೇಲೆ ಉಕ್ಕಿನ ಕಾಂತಗುಣ ಅಳಿದು ಕಾಯುವ ವೇಗ ತಗ್ಗುತ್ತದೆ, ಹಾಗಾಗಿ ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಚಿತ್ತಾಪುರ, ಶಹಾಬಾದ ಸೀಮೆಯ ಸುಣ್ಣದ ಕಲ್ಲಿಗೂ ಬೇಗ ಆರಬೇಕೆಂಬ ಇದೇ ನಿಯಮ: ವಾಡಿಯಂಥ ಊರಿನ ಸಿಮೆಂಟ್ ಗೂಡಿನಲ್ಲಿ ಸುಮಾರು 1450 ಡಿಗ್ರಿಯಲ್ಲಿ ಬೆಂದ ಕ್ಲಿಂಕರ್ ಎಂಬ ಗಟ್ಟಿ ಬೇಗ ತಣಿದರೇ ಒಳ್ಳೆಯದು. ಕಾವು, ಹೊತ್ತು, ತಣಿವು ಇವನ್ನು ಅಂಕಿಗಳು ಬಿಡಿಬಿಡಿಯಾಗಿ ಅಳೆಯುತ್ತವೆ. ಮೂರರ ಹೊಂದಾಣಿಕೆಗೆ ಹೆಸರು ಹದ. ತಾಂತ್ರಿಕ ಬರಹದಲ್ಲಿ ‘ಹದಗೊಳಿಸು’ ಎಂದು ಧೈರ್ಯವಾಗಿ ಬರೆಯಬಹುದು.